ಆಯ್ಕೆಗಳ ಮೇಲೆ ಹೆಬ್ಬೆರಳಿಡಿ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಪ್ರಥಮ ದರ್ಜೆ ಸಹಾಯಕರ ಹುದ್ದೆಗೋ, ಬ್ಯಾಂಕಿಗೋ, ರೈಲ್ವೆಗೋ ಅರ್ಜಿ ಹಾಕಿ, ಬಾಡಿಗೆ ಕೋಣೆಯಲ್ಲಿ ಪುಸ್ತಕ ಹರಡಿಕೊಂಡು ಕುಳಿತಿರುವ ತಮ್ಮಂದಿರೇ, ತಂಗಿಯರೇ, ಈ ಮಾತು ನಿಮಗಾಗಿ. ಗೆರೆ ಎಳೆದ ಪದದ ಅರ್ಥ ಕೇಳಿದ ಕೂಡಲೇ ನಿಮ್ಮ ಕಣ್ಣು ಕೆಳಗಿನ ನಾಲ್ಕು ಆಯ್ಕೆಗಳಿಗೆ ಹಾರುತ್ತದೆ. ಬೇಡ. ಆಯ್ಕೆಗಳ ಮೇಲೆ ಹೆಬ್ಬೆರಳಿಡಿ. ಮೊದಲು ವಾಕ್ಯ ಓದಿ. ಕಂಪ್ಯೂಟರ್ ಪರೀಕ್ಷೆಯಾದರೆ ಅಂಗೈಯನ್ನೇ ಪರದೆಗೆ ಅಡ್ಡ ಹಿಡಿಯಿರಿ. ಮೇಲ್ವಿಚಾರಕರು ನಕ್ಕರೆ ನಗಲಿ.

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಊರು ಶಿರಸಿಯ ಕಡೆಯದು. ಮೊದಲ ನೌಕರಿ ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಜನವರಿ ತಿಂಗಳ ಒಂದು ಸೋಮವಾರ ತರಗತಿಗೆ ಹೋದರೆ ಅರ್ಧಕ್ಕರ್ಧ ಬೆಂಚು ಖಾಲಿ. ಎಲ್ಲಿ ಎಂದು ಕೇಳಿದೆ. "ರಾಶಿಗೆ ಹೋಗಿದ್ದಾರೆ, ಸರ್" ಎಂದಳು ಒಬ್ಬಳು ಹುಡುಗಿ. ನಮ್ಮ ಕಡೆ ರಾಶಿ ಎಂದರೆ ಬಹಳ: ರಾಶಿ ಮಳೆ, ರಾಶಿ ಚಂದ. ಅಡಿಕೆಯಲ್ಲಿಯೂ ರಾಶಿ ಎಂಬ ಒಂದು ಬಗೆಯಿದೆ. ಅವೆರಡೂ ಇಲ್ಲಿಗೆ ಹೊಂದಲಿಲ್ಲ. ಉಳಿದದ್ದು ಮೇಷ, ವೃಷಭ. ಮಕ್ಕಳೆಲ್ಲ ಜ್ಯೋತಿಷಿಯ ಮನೆಗೆ ಹೋಗಿದ್ದಾರೆ ಎಂದು ತಿಳಿದು, ಮೂಢನಂಬಿಕೆಯ ವಿರುದ್ಧ ಅರ್ಧ ಗಂಟೆ ಭಾಷಣ ಬಿಗಿದೆ. ಪಾಪ, ಉಳಿದ ಮಕ್ಕಳು ಕೈಕಟ್ಟಿ ಕೇಳಿದರು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಮಷೀನು ಇವತ್ತೊಂದೇ ದಿನ ಸಿಗುತ್ತದೆ. ಕಡಿದ ತೊಗರಿ ಒಣಗಿದೆ, ಮೋಡ ಬೇರೆ ಕವಿದಿದೆ. ಕಾಳು ನೆನೆದರೆ ಕೆಟ್ಟುಹೋಗುತ್ತದೆ" ಎಂದ.

ನಾನು ನಿಘಂಟು ತೆರೆಯಲಿಲ್ಲ. ಮಷೀನು, ಒಣಗಿದ ತೊಗರಿ, ಮೋಡ, ಕಾಳು. ಈ ನಾಲ್ಕು ಸೇರಿ ಐದನೆಯದರ ಅರ್ಥ ಹೇಳಿದವು. ಒಕ್ಕಣೆ! ಈ ನೆಲದಲ್ಲಿ ಒಕ್ಕಣೆಗೆ ರಾಶಿ ಎನ್ನುತ್ತಾರೆ. ನನ್ನ ತಲೆಯೊಳಗಿದ್ದ ಆಯ್ಕೆಗಳಲ್ಲಿ ಸರಿಯುತ್ತರವೇ ಇರಲಿಲ್ಲ. ಅದು ಹುಡುಗನ ಮಾತಿನೊಳಗೆ ಇತ್ತು. ಆ ಭಾಷಣವನ್ನು ಮುಖ್ಯೋಪಾಧ್ಯಾಯರು ನನಗೆ ವರ್ಗವಾಗುವ ತನಕ ನೆನಪಿಸುತ್ತಿದ್ದರು.

ಈಗ ಪರೀಕ್ಷೆಗೆ ಬನ್ನಿ. "ನಾಮಪತ್ರ ಹಿಂಪಡೆದ ಮೇಲೆ ಕಣದಲ್ಲಿ ಐವರು ಉಳಿದರು." ಕಣ ಎಂದರೇನು? ಚೂರು, ಒಕ್ಕುವ ಜಾಗ, ಸ್ಪರ್ಧೆಯ ಅಂಗಳ ಎಂಬ ಆಯ್ಕೆಗಳಿವೆ ಎನ್ನಿ. ಮೂರೂ ನಿಘಂಟಿನಲ್ಲಿ ಇವೆ! ರೈತರ ಮಕ್ಕಳು ಒಕ್ಕುವ ಜಾಗವನ್ನೇ ಗುರುತು ಹಾಕಿ ಬರುತ್ತಾರೆ, ಏಕೆಂದರೆ ಅವರ ಕಣ್ಣು ಮೊದಲು ಬಿದ್ದದ್ದು ಅಲ್ಲಿಗೆ. ನಾಮಪತ್ರ ಎಂಬ ಪದವನ್ನು ಅವರು ಓದಿಯೇ ಇಲ್ಲ. ಇಂಗ್ಲಿಷಿನಲ್ಲಿಯೂ ಹೀಗೆಯೇ. ಯಾರೂ ಹಿಂದೆ ಮಾಡಿರದ ನಾವೆಲ್ ಉಪಾಯ ಎಂದು ವಾಕ್ಯದಲ್ಲಿದ್ದರೆ, ಆಯ್ಕೆಗಳಲ್ಲಿ ಕಾದಂಬರಿ ಕಾದು ಕುಳಿತಿರುತ್ತದೆ. ಉಪಾಯ ಹೇಗೆ ಕಾದಂಬರಿಯಾದೀತು? ಹೊಸದು ಎಂದರ್ಥ.

ವಾಕ್ಯ ಓದಿ, ಗೆರೆ ಎಳೆದ ಪದವನ್ನು ಮನಸ್ಸಿನಲ್ಲಿ ಅಳಿಸಿ, ಅಲ್ಲಿಗೆ ನಿಮ್ಮದೇ ಒಂದು ಸಾದಾ ಪದ ಹಾಕಿ. ಆಮೇಲೆ ಹೆಬ್ಬೆರಳು ತೆಗೆಯಿರಿ. ನಿಮ್ಮ ಪದಕ್ಕೆ ಹತ್ತಿರವಾದದ್ದನ್ನು ವಾಕ್ಯದಲ್ಲಿಟ್ಟು ಇನ್ನೊಮ್ಮೆ ಓದಿ. "ಆದರೆ" ಕಂಡರೆ ಅರ್ಥ ತಿರುಗುತ್ತದೆ: ಅಣ್ಣ ವಾಚಾಳಿ, ಆದರೆ ತಮ್ಮ ಮಿತಭಾಷಿ. "ಅಂದರೆ", "ಆದ್ದರಿಂದ", "ಉದಾಹರಣೆಗೆ" ಇವುಗಳ ಬಗ್ಗೆಯೂ ಹೇಳಬೇಕಿತ್ತು. ರಾಶಿಯ ಕಥೆ ಸಮಯ ನುಂಗಿತು. ಪದಪಟ್ಟಿ ಉರು ಹೊಡೆಯುವವರಿಗೆ ಒಂದೇ ಮಾತು: ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯವರೇ 2016ರಲ್ಲಿ ವಿರಳ ಪದಗಳ ಹಳೆಯ ಪ್ರಶ್ನೆಗಳನ್ನು ಕೈಬಿಟ್ಟು, ಸಂದರ್ಭದಲ್ಲಿ ಪದದ ಅರ್ಥ ಕೇಳುವತ್ತ ಹೊರಳಿದರು.

ಇವತ್ತು ರಾತ್ರಿಗೆ ಒಂದು ಕೆಲಸ ಕೊಡುತ್ತೇನೆ, ಬರೆದುಕೊಳ್ಳಿ. "ಹೊಲದಲ್ಲಿ ಕಳೆ ಬೆಳೆದಂತೆ ಅವನ ಮುಖದ ಕಳೆ ಇಳಿಯಿತು, ಇಡೀ ದಿನವನ್ನು ಅವನು ಬದುವಿನ ಮೇಲೆಯೇ ಕಳೆದ." ಕಳೆ ಎಷ್ಟು, ಅರ್ಥ ಎಷ್ಟು? ಆಯ್ಕೆ ಕೊಡುವುದಿಲ್ಲ. ನಮಸ್ಕಾರ.