ಸಣ್ಣ ಸಂಬಳ, ಗಟ್ಟಿ ಗಾಡಿ

ಕೇಳುಗರಿಗೆ ನಮಸ್ಕಾರ.

ಇಂಡಿ, ಸಿಂದಗಿ, ತಾಳಿಕೋಟೆ ಕಡೆಯ ಹಳ್ಳಿಗಳಲ್ಲಿ ನಡುರಾತ್ರಿ ಹೆರಿಗೆ ನೋವು ಬಂದರೆ, ಇಲ್ಲವೇ ವಯಸ್ಸಾದ ತಂದೆಯನ್ನು ವಾರವಾರ ಡಯಾಲಿಸಿಸ್‌ಗೆಂದು ವಿಜಯಪುರಕ್ಕೆ ಕರೆತರಬೇಕಾದರೆ, ಬಾಡಿಗೆ ಗಾಡಿಗೆ ಎಷ್ಟು ರೊಕ್ಕ ಸುರಿಯಬೇಕು ಅನ್ನೋದು ಅನುಭವಿಸಿದವರಿಗೆ ಗೊತ್ತು. ನಮ್ಮ ಭಾಗದಲ್ಲಿ ಕಾರು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ತಿಂಗಳಿಗೆ ಇಪ್ಪತ್ತು ಸಾವಿರ ದುಡಿಯುವ ಮನೆಯವರೂ ಒಂದು ಕಾರು ಇರಲಿ ಅಂದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಮಾತು ಕೇಳಿ: ಹೊಂದಿಸಿದ ರೊಕ್ಕವನ್ನೆಲ್ಲ ಕಾರಿನ ಬೆಲೆಗೇ ಹಾಕಬೇಡಿ. ಮೂರು ಲಕ್ಷ ಕೈಗೆ ಬಂತೇ, ಎರಡೂವರೆ ಲಕ್ಷದ ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ. ಉಳಿದ ಐವತ್ತು ಸಾವಿರ ಟೈರಿಗೆ, ಬ್ಯಾಟರಿಗೆ, ವಿಮೆಗೆ, ಹೆಸರು ಬದಲಾವಣೆಗೆ, ಮೊದಲ ಸರ್ವಿಸಿಗೆ ಬೇಕೇ ಬೇಕು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಹೊಸ ಗಾಡಿಯನ್ನೇ ಕಂತಿನ ಮೇಲೆ ತಗೊಂಡುಬಿಡೋಣ ಅಂತ ಮನಸ್ಸು ಎಳೆಯುತ್ತದೆ. ಹಾಗಾದರೆ ಲೆಕ್ಕ ಕೇಳಿ. ನಾಲ್ಕು ಲಕ್ಷ ಸಾಲ, ಶೇಕಡಾ 10ರ ಬಡ್ಡಿ. ಐದು ವರ್ಷಕ್ಕಾದರೆ ತಿಂಗಳಿಗೆ ಸುಮಾರು 8,500 ರೂಪಾಯಿ. ಏಳು ವರ್ಷಕ್ಕೆ ಎಳೆದರೆ 6,640. ಹಗುರ ಅನಿಸುತ್ತದೆ, ಅಲ್ಲವೇ? ಆದರೆ ಐದು ವರ್ಷಕ್ಕೆ ಒಂದು ಲಕ್ಷ ಹತ್ತು ಸಾವಿರ ಆಗುವ ಬಡ್ಡಿ, ಏಳು ವರ್ಷಕ್ಕೆ ಒಂದು ಲಕ್ಷ ಐವತ್ತೆಂಟು ಸಾವಿರದ ಹತ್ತಿರ ಹೋಗುತ್ತದೆ. ಪೆಟ್ರೋಲ್ ಬೇರೆ, ವಿಮೆ ಬೇರೆ. ಮಳೆ ಕೈಕೊಟ್ಟ ವರ್ಷ, ತೊಗರಿಗೆ ರೇಟು ಬೀಳುವ ವರ್ಷ ಆ ಏಳರಲ್ಲಿ ಎರಡಾದರೂ ಬಂದೇ ಬರುತ್ತವೆ. ಇಪ್ಪತ್ತು ಸಾವಿರದ ಮನೆಗೆ ನಾನು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಹೇಳುತ್ತೇನೆ.

ಯಾವ ಗಾಡಿ? ಮೊದಲು ನಿಮ್ಮ ತಾಲೂಕಿನ ಮಿಸ್ತ್ರಿಯನ್ನು ಕೇಳಿ. ಕ್ಲಚ್ ಪ್ಲೇಟ್, ವಾಟರ್ ಪಂಪ್, ಬ್ರೇಕ್ ಪ್ಯಾಡ್ ಅದೇ ದಿನ ಸಿಗುವ ಗಾಡಿ ಯಾವುದೋ ಅದೇ ನಿಮ್ಮ ಗಾಡಿ. ಆಲ್ಟೊ, ವ್ಯಾಗನಾರ್‌ನಂಥ ಸಣ್ಣ ಪೆಟ್ರೋಲ್ ಕಾರುಗಳಿಗೆ ಹಳೆಯದಾದರೂ ಬೆಲೆ ಬಿಗಿಯಾಗಿರುವುದು ಇದೇ ಕಾರಣಕ್ಕೆ. ಷೆವ್ರೊಲೆ 2017ರಲ್ಲಿ, ದಟ್ಸನ್ 2022ರಲ್ಲಿ ನಮ್ಮ ದೇಶದ ಮಾರುಕಟ್ಟೆ ಬಿಟ್ಟವು. ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದು ಫೋರ್ಡ್ 2021ರಲ್ಲಿ ಘೋಷಿಸಿತು. ಆ ಗಾಡಿಗಳು ಕೆಟ್ಟವಲ್ಲ, ಅಗ್ಗಕ್ಕೂ ಸಿಗುತ್ತವೆ. ಆದರೆ ಒಂದು ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವ ತಾಕತ್ತು ನಮಗಿಲ್ಲ. ಹಳೆಯ ಡೀಸೆಲ್ ಗಾಡಿಯೂ ಹಾಗೇ. ತಿಂಗಳಿಗೆ ನಾಲ್ಕುನೂರು, ಐದುನೂರು ಕಿಲೋಮೀಟರ್ ಓಡಿಸುವವರಿಗೆ ಅದರ ಮೈಲೇಜಿನಿಂದ ಉಳಿದದ್ದೆಲ್ಲ ಒಂದು ಇಂಜೆಕ್ಟರ್ ರಿಪೇರಿಗೆ ಹೋಗುತ್ತದೆ.

ಸಾಧ್ಯವಾದರೆ 2019ರ ಜುಲೈ ನಂತರ ತಯಾರಾದ ಗಾಡಿ ಹುಡುಕಿ. ಆಗಿನಿಂದ ಚಾಲಕನಿಗೆ ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ, ಇವೆಲ್ಲ ಕಡ್ಡಾಯ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ರಸ್ತೆಯಲ್ಲಿ ರಾತ್ರಿ ಗಾಡಿ ಹೊಡೆದವರಿಗೆ ಗೊತ್ತು, ಹಿಂದೆ ದೀಪವಿಲ್ಲದ ಎರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವುದು ಎಷ್ಟು ಹತ್ತಿರ ಹೋದ ಮೇಲೆ ಅಂತ. ಅಂಥ ಹೊತ್ತಿನಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದರೂ ಗಾಲಿ ಕಚ್ಚಿಕೊಳ್ಳದೆ ಸ್ಟೇರಿಂಗ್ ನಿಮ್ಮ ಕೈಯಲ್ಲೇ ಇರುವಂತೆ ಮಾಡುವುದು ಎಬಿಎಸ್. ಮ್ಯೂಸಿಕ್ ಸಿಸ್ಟಮ್, ಅಲಾಯ್ ವ್ಹೀಲ್ ಬಿಡಿ. ಇದನ್ನು ಮಾತ್ರ ಬಿಡಬೇಡಿ, ಕೈಮುಗಿದು ಕೇಳುತ್ತೇನೆ.

ಇನ್ನು ಗಾಡಿ ನೋಡುವ ರೀತಿ. ಸಿದ್ಧೇಶ್ವರ ಜಾತ್ರೆಯಲ್ಲಿ ಹಲ್ಲು ಹಿಡಿದು ನೋಡದೆ, ನಡೆಸಿ ನೋಡದೆ ಎತ್ತು ಕೊಳ್ಳದ ಜನ ನಾವು. ಕಾರಿಗೆ ಮಾತ್ರ ಪಾಲಿಶ್ ನೋಡಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಬೆಳಿಗ್ಗೆ ಬೇಗ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ಇಂಜಿನ್ ತಣ್ಣಗಿದ್ದಾಗ ಶುರು ಮಾಡಿಸಿದರೇ ಅದರ ನಿಜ ಗೊತ್ತಾಗುವುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಎದ್ದು ಬನ್ನಿ. ಟೈರಿನ ಬದಿಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೀಟರ್ ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತ, ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಪೆಡಲನ್ನೇ ನಂಬಿ.

ನಮ್ಮ ಭಾಗದವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ಮುಳುಗಿದವು. 2021ರ ಜುಲೈಯಲ್ಲಿ ಕೊಲ್ಹಾಪುರ, ಸಾಂಗ್ಲಿ ಕಡೆಗೂ ನೀರು ನುಗ್ಗಿತು. ನೀರಲ್ಲಿ ನಿಂತ ಕಾರನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ಏನೂ ಗೊತ್ತಾಗದು, ಒಳಗಿನ ವೈರಿಂಗ್ ಮಾತ್ರ ವರ್ಷಗಟ್ಟಲೆ ಕೊಳೆಯುತ್ತ ಹೋಗುತ್ತದೆ. ಆದ್ದರಿಂದ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಸದಾ ಒಳಗೆ ಸುತ್ತಿಕೊಂಡಿರುವ ಆ ತುದಿಯಲ್ಲಿ ಕೆಸರಿನ ಕಂದು ಗೆರೆ ಇದೆಯೇ ನೋಡಿ. ಚಾಲಕನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಬೋಲ್ಟುಗಳ ತುಕ್ಕು ನೋಡಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಬೆರಳು ಆಡಿಸಿ, ಒಣಗಿದ ರೇವೆ ಕೈಗೆ ಹತ್ತಿದರೆ ಅರ್ಧ ಬೆಲೆಗೆ ಕೊಟ್ಟರೂ ಆ ಗಾಡಿ ಬೇಡ.

ಮಹಾರಾಷ್ಟ್ರ ಪಾಸಿಂಗ್ ಗಾಡಿ ಅಗ್ಗ ಅಂತ ಸೋಲಾಪುರ, ಸಾಂಗ್ಲಿಗೆ ಹೋಗುವವರು ಬಹಳ. ಹೋಗಿ, ಆದರೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಅಭ್ಯಂತರವಿಲ್ಲ ಅನ್ನೋ ಪತ್ರ) ತಂದು ಇಲ್ಲಿ ಹೊಸ ನಂಬರು ಪಡೆಯಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೂ ಅಗ್ಗವಾದರೆ ಮಾತ್ರ ಲಾಭ. ಹದಿನೈದು ವರ್ಷದ ಹತ್ತಿರ ಬಂದ ಗಾಡಿಗೂ ಹೀಗೆಯೇ ಲೆಕ್ಕ ಹಾಕಿ: ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕ, ಅದರ ಮೇಲೆ ಹಳೆಯ ಗಾಡಿಗೆ ಹಾಕುವ ಹಸಿರು ತೆರಿಗೆ, ಫಿಟ್‌ನೆಸ್‌ಗೆ ಬೇಕಾಗುವ ರಿಪೇರಿ.

ಮಾತು ಮುಗಿದು ಬೆಲೆ ಕುದುರಿದ ಮೇಲೂ ಪೂರ್ತಿ ರೊಕ್ಕ ಎಣಿಸಿ ಕೊಡಬೇಡಿ. ಆರ್‌ಸಿ ಮೇಲೆ ಬ್ಯಾಂಕಿನ ಹೆಸರಿದೆಯೇ, ದಂಡ ಬಾಕಿ ಇದೆಯೇ ಅಂತ ಮೊಬೈಲಿನ ಎಂಪರಿವಾಹನ್ ಆ್ಯಪಿನಲ್ಲಿ ನೋಡಿಕೊಳ್ಳಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ ಮೇಲೆ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರಬೇಕು. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಮಾರುವವರ ಸಹಿ ನಿಮ್ಮೆದುರಿಗೇ ಆಗಲಿ. ಗಾಡಿ ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಿ, ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಕೊಡಿ. ಹಳೆಯ ಮಾಲೀಕರ ಹೆಸರಿನಲ್ಲೇ ವಿಮೆ ಉಳಿದಾಗ ಅಪಘಾತವಾದರೆ, ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ರೊಕ್ಕ ಕೊಡುವುದಿಲ್ಲ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ ಕೂಡ ಅವರದೇ, ನಿಮಗೆ ಬರುವುದಿಲ್ಲ. ಹೀಗಾಗಿ ವಿಮೆಯ ಕಂತು ಅವರು ಹೇಳಿದ್ದಕ್ಕಿಂತ ಹೆಚ್ಚಾಗಬಹುದು. ಬೇರೆ ತೆಗೆದಿಟ್ಟ ಐವತ್ತು ಸಾವಿರದಲ್ಲಿ ಮೊದಲು ಅದನ್ನು ಕಟ್ಟಿ, ಆಮೇಲೆ ಟೈರು ನೋಡಿ.

ನಮಸ್ಕಾರ.