ಏಡಿಕಾಯಿ ಸಾರಲ್ಲಿ ನಿಜವಾಗಿ ಏನಿದೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ, ಅದೂ ಮೀನಂಗಡಿಗೆ ಹೋಗುವ ಹೊತ್ತಲ್ಲಿ ಇಷ್ಟು ಜನ ಬಂದಿದ್ದೀರಿ, ಹಾಗಾಗಿ ಸೀದಾ ವಿಷಯಕ್ಕೆ ಬರುತ್ತೇನೆ.

ನೆಗಡಿ ಆದರೆ ಏಡಿಕಾಯಿ ಸಾರು ಕುಡಿ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಮೂಗು ಬಿಡೋದು ಮೆಣಸಿನ ಖಾರಕ್ಕೆ ಅಜ್ಜಿ, ಏಡಿಗಲ್ಲ ಅಂತ ನಾನು ವಾದ ಮಾಡುತ್ತಿದ್ದೆ. ನನ್ನ ಮಾತು ಅರ್ಧ ಸರಿ. ಉಳಿದರ್ಧದ ಹೆಸರು ಸತು, ಅಂದರೆ ಜಿಂಕ್.

1958ರಲ್ಲಿ ಆನಂದ ಪ್ರಸಾದ್ ಎಂಬ ಬಿಹಾರ ಮೂಲದ ಡಾಕ್ಟರ್ ಇರಾನಿನ ಶಿರಾಜ್‌ನಲ್ಲಿ ಒಬ್ಬ ರೋಗಿಯನ್ನು ನೋಡಿದರು. ವಯಸ್ಸು 21, ನೋಡೋಕೆ ಹತ್ತು ವರ್ಷದ ಹುಡುಗ. ಊಟ ಅಂದರೆ ಗೋಧಿ ರೊಟ್ಟಿ, ಮಾಂಸ ಇಲ್ಲವೇ ಇಲ್ಲ, ಮೇಲೆ ಮಣ್ಣು ತಿನ್ನುವ ಚಟ ಬೇರೆ. ಗೋಧಿ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಗಟ್ಟಿಯಾಗಿ ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ಹೀಗೆ ಸತು ಸಾಲದವರಿಗೆ ಸೋಂಕೂ ಜಾಸ್ತಿ. ಆಮೇಲೆ ಈಜಿಪ್ಟಿನಲ್ಲಿ ಇದೇ ಥರದ ಹುಡುಗರಿಗೆ ಸತು ಕೊಟ್ಟಾಗ ಅವರು ಸರಸರ ಬೆಳೆದರು.

ನಮ್ಮ ರಾಗಿಯಲ್ಲೂ ಫೈಟೇಟ್ ಇದೆ. ಮುದ್ದೆ ಬಿಡಿ ಅಂತ ಹೇಳುತ್ತಿಲ್ಲ, ಹೇಳಿದರೆ ನೀವೆಲ್ಲ ಎದ್ದು ಹೋಗುತ್ತೀರಿ. ರಾಗಿ ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ಪಕ್ಕದಲ್ಲಿ ಏಡಿಸಾರು ಇದ್ದರೆ ಇನ್ನೂ ಒಳ್ಳೆಯದು. ಸತುವಿನ ವಿಷಯದಲ್ಲಿ ಸಿಂಪಿಯನ್ನು, ಅದೇ ಆಯ್ಸ್ಟರ್, ಮೀರಿಸುವ ಆಹಾರ ಇಲ್ಲ. 85 ಗ್ರಾಂನಲ್ಲಿ ಸುಮಾರು 30 ಮಿಲಿಗ್ರಾಂ ಸಿಗಬಹುದು, ಜಾತಿ ಮೇಲೆ ಬದಲಾಗುತ್ತದೆ. ಗಂಡಸರಿಗೆ ದಿನಕ್ಕೆ 17 ಮಿಲಿಗ್ರಾಂ ಸಾಕು ಅನ್ನುತ್ತದೆ ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಏಡಿಯಲ್ಲಿ ಸಿಂಪಿಗಿಂತ ತುಂಬಾ ಕಡಿಮೆ, ಸಿಗಡಿಯಲ್ಲಿ ಇನ್ನೂ ಕಡಿಮೆ.

ಇದಕ್ಕೂ ಇಮ್ಯುನಿಟಿಗೂ ಏನು ನಂಟು? ರೋಗದ ಜೊತೆ ಹೊಡೆದಾಡುವ ಟಿ-ಕಣಗಳು ಎಂಬ ಬಿಳಿ ರಕ್ತಕಣಗಳು ಬಲಿಯಬೇಕಾದರೆ ಸತು ಬೇಕು. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತದಲ್ವಾ, ಅದಕ್ಕೂ ಬೇಕು. ಮಕ್ಕಳಿಗೆ ಭೇದಿಯಾದರೆ ಓಆರ್‌ಎಸ್ ಜೊತೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡುವುದು ಸುಮ್ನೆ ಅಲ್ಲ, 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ ಹೇಳಿದ್ದು ಇದನ್ನೇ. ಹಾಗಂತ ಸಿಗಡಿ ತಿಂದು ಹೊಟ್ಟೆ ಪೂರ್ತಿ ಸರಿಹೋಯಿತು ಅಂದುಕೊಳ್ಳಬೇಡಿ. ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗೆ ನಾರು ಬೇಕು, ಸಿಗಡಿಯಲ್ಲಿ ನಾರೇ ಇಲ್ಲ. ಸೊಪ್ಪು, ಕಾಳು ಪಕ್ಕದಲ್ಲಿರಲಿ.

ಸಿಗಡಿ ತಿಂದು ತುಟಿ ಊದಿಕೊಂಡವರು, ಮೈ ದದ್ದು ಎದ್ದವರು ಇದರ ತಂಟೆಗೇ ಹೋಗಬೇಡಿ. ಬೇಯಿಸಿದರೂ ಆ ಅಲರ್ಜಿ ಹೋಗುವುದಿಲ್ಲ.

ಮರುವಾಯಿ (ಚಿಪ್ಪಿನೊಳಗಿರುವ ಕ್ಲ್ಯಾಮ್), ಸಿಂಪಿ ಎರಡೂ ನೀರು ಸೋಸಿ ಬದುಕುವ ಜೀವಿಗಳು, ನೀರಿನ ಕೊಳಕೂ ಅವುಗಳ ಹೊಟ್ಟೆಯೊಳಗೇ. ಹಸಿಯಾಗಿ ತಿನ್ನುವ ಶೋಕಿ ಬೇಡ. ಬೆಂಗಳೂರಿಗೆ ಇವು ಕರಾವಳಿಯಿಂದ ಐಸ್‌ನಲ್ಲಿ ಬರುತ್ತವೆ, ದಾರಿಯಲ್ಲೇ ಕೆಲವು ಸತ್ತಿರುತ್ತವೆ. ನಮ್ಮ ಎದುರುಮನೆಯ ಮಂಗಳೂರಿನ ಆಂಟಿ ಮಡಿವಾಳ ಮಾರ್ಕೆಟ್‌ನಲ್ಲಿ ಬಾಯಿ ಬಿಟ್ಟ ಮರುವಾಯಿಯನ್ನು ಒಂದೊಂದಾಗಿ ಉಗುರಿನಿಂದ ತಟ್ಟುತ್ತಾರೆ. ಮುಚ್ಚಿಕೊಂಡರೆ ಬ್ಯಾಗಿಗೆ, ಇಲ್ಲದಿದ್ದರೆ ವಾಪಸ್ ಬುಟ್ಟಿಗೆ. ಮನೆಯಲ್ಲಿ ಬೇಯಿಸಿದ ಮೇಲೂ ಬಾಯಿ ಬಿಡದ್ದು ಕಸಕ್ಕೆ. ಅಂಗಡಿಯವನು ಗೊಣಗುತ್ತಾನೆ, ಆಂಟಿ ತಟ್ಟುತ್ತಲೇ ಇರುತ್ತಾರೆ.