ಡೊನಾಲ್ಡ್ ಡಕ್‌ಗೆ ಅರಾಕುವಾನ್ ಕಾಟ

ಮಳೆ ಬಿಡುತ್ತಿಲ್ಲ. ಕೆರೆಗೆ ಹೋಗುವ ಪ್ಲಾನ್ ಕ್ಯಾನ್ಸಲ್. ಲೆನ್ಸ್ ಒರೆಸುತ್ತಾ ಕೂತಿದ್ದೇನೆ. ಲ್ಯಾಪ್‌ಟಾಪಲ್ಲಿ ಓಡುತ್ತಿರುವುದು 'ಕ್ಲೌನ್ ಆಫ್ ದ ಜಂಗಲ್', 1947ರ ಡಿಸ್ನಿ ಕಾರ್ಟೂನ್. ನಿರ್ದೇಶಕರು ಜ್ಯಾಕ್ ಹ್ಯಾನಾ. ಡೊನಾಲ್ಡ್ ಡಕ್ ಹಕ್ಕಿಗಳ ಫೋಟೋ ತೆಗೆಯಲು ಕಾಡಿಗೆ ಬಂದಿದ್ದಾನೆ. ಹಕ್ಕಿ ಫೋಟೋ ತೆಗೆಯುವವರು ಇದನ್ನು ನೋಡಲೇಬೇಕು.

ಈ ಜಾಗ ನೋಡಿ. ಇನ್ನೇನು ಕ್ಲಿಕ್ ಅನ್ನಬೇಕು, ಅಷ್ಟರಲ್ಲಿ ಅರಾಕುವಾನ್ ಹಾಜರ್! ಆ ಕೆಂಪು ತಲೆಗೂದಲಿನ ಹಕ್ಕಿ. ಓಡಿಸಿದರೆ ಇನ್ನೊಂದು ಕಡೆಯಿಂದ ಬರುತ್ತದೆ.

ನನಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಹೋದ ಡಿಸೆಂಬರ್‌ನಲ್ಲಿ ಒಂದು ಮಿಂಚುಳ್ಳಿಗಾಗಿ ಎರಡೂವರೆ ಗಂಟೆ ಕಾದಿದ್ದೆ. ಕಾಲು ಜೋಮು ಹಿಡಿದಿತ್ತು, ಸೊಳ್ಳೆ ಕಚ್ಚುತ್ತಿತ್ತು, ಆದರೂ ಅಲುಗಾಡಲಿಲ್ಲ. ಕೊನೆಗೆ ಬಂತು, ಮೀನು ಕಚ್ಚಿಕೊಂಡು ಕೊಂಬೆ ಮೇಲೆ ಕೂತಿತು. ಬಿಸಿಲೂ ಸರಿಯಾಗಿ ಬಿದ್ದಿತ್ತು. ಅದೇ ಹೊತ್ತಿಗೆ ಒಂದು ಕಾಗೆ ನಡುವೆ ನುಗ್ಗಿತು. ಮಿಂಚುಳ್ಳಿ ಹಾರಿಹೋಯಿತು. ಕಾರ್ಡ್ ತೆಗೆದು ನೋಡಿದರೆ ಹದಿನಾಲ್ಕು ಫೋಟೋ, ಹದಿನಾಲ್ಕರಲ್ಲೂ ಕಾಗೆಯ ರೆಕ್ಕೆ. ಮನೆಗೆ ಬರುವವರೆಗೂ ಯಾರ ಜೊತೆಗೂ ಮಾತಾಡಲಿಲ್ಲ. ನಾನಾದರೂ ಡಿಲೀಟ್ ಮಾಡಿದೆ. ಡೊನಾಲ್ಡ್ ಕಾಲದಲ್ಲಿ ಫಿಲ್ಮ್, ಒಂದೊಂದು ಕ್ಲಿಕ್ಕಿಗೂ ದುಡ್ಡು.

ತಪ್ಪೆಲ್ಲ ಆ ಅರಾಕುವಾನ್‌ದೇ.

ಅಂದ ಹಾಗೆ, ಹೆಸರು ಸುಮ್ನೆ ಇಟ್ಟಿದ್ದಲ್ಲ. ಬ್ರೆಜಿಲ್‌ನಲ್ಲಿ ಅರಾಕುವಾಂ ಅನ್ನುವ ನಿಜವಾದ ಹಕ್ಕಿ ಇದೆ. ಕಂದು ಬಣ್ಣ, ಕೋಳಿಗಳ ಗುಂಪಿಗೆ ಸೇರಿದ್ದು, ಕೂಗು ಮಾತ್ರ ಜೋರು. ಕಾರ್ಟೂನಿನ ಅರಾಕುವಾನ್ ಮೊದಲು ಬಂದದ್ದು 1944ರ 'ದ ತ್ರೀ ಕಬಾಯೆರೋಸ್' ಚಿತ್ರದಲ್ಲಿ. ಅಲ್ಲಿ ಅದು ಪರದೆಯಿಂದಲೇ ಹೊರಗೆ ಬಂದು ಡೊನಾಲ್ಡ್‌ನ ಕೈ ಕುಲುಕುತ್ತದೆ. ಅಲ್ಲಿ ಫ್ರೇಮಿನಲ್ಲಿ ನಿಲ್ಲುವುದಿಲ್ಲ, ಇಲ್ಲಿ ಫ್ರೇಮ್ ಬಿಟ್ಟು ಹೋಗುವುದಿಲ್ಲ!

ಇಲ್ಲ, ತಪ್ಪೆಲ್ಲ ಅರಾಕುವಾನ್‌ದೇ ಅಂದೆನಲ್ಲ, ಆ ಮಾತು ವಾಪಸ್. ಎಷ್ಟು ಸಲ ಎದುರಿಗೆ ಬಂತು ನೋಡಿ. ಡೊನಾಲ್ಡ್ ಒಂದು ಸಲವಾದರೂ ಅದನ್ನೇ ನೆಟ್ಟಗೆ ಫೋಕಸ್ ಮಾಡಿದ್ದರೆ? ಇಡೀ ಕಾಡಲ್ಲಿ ಅಷ್ಟು ಚೆಂದದ ಹಕ್ಕಿ ಇನ್ನೊಂದಿಲ್ಲ. ನಾನೂ ಆ ಹದಿನಾಲ್ಕು ಫೋಟೋ ಅಳಿಸಬಾರದಿತ್ತು. ಕಾಗೆ ರೆಕ್ಕೆ ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿತ್ತು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಓ, ಕಾರ್ಟೂನ್ ಮುಗಿಯುತ್ತಾ ಬಂತು. ಡೊನಾಲ್ಡ್‌ಗೆ ತಲೆ ಕೆಟ್ಟು, ತಾನೇ ಆ ಹಕ್ಕಿ ಥರ ಕುಣಿಯುತ್ತಿದ್ದಾನೆ. ನಗು ಬರುವುದಿಲ್ಲ ನನಗೆ, ಪಾಪ ಅನಿಸುತ್ತದೆ. ಮಳೆ ಕಡಿಮೆಯಾದ ಹಾಗಿದೆ, ಬ್ಯಾಟರಿ ಎಷ್ಟಿದೆ ನೋಡುತ್ತೇನೆ.